ದುಡ್ಡು ಕೊಟ್ಟವರಿಗೇ ಕಾವಲು

ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಡುವ ಪಾವಗಡದ ಬಸ್ಸಿನಲ್ಲಿ ಬೆನ್ನುಚೀಲದ ಹುಡುಗರೇ ಹೆಚ್ಚು. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳುವ ಬಸ್ಸು ಕೊರಟಗೆರೆಯಲ್ಲಿ ಒಂದಷ್ಟು ಜನರನ್ನು, ಮಧುಗಿರಿಯಲ್ಲಿ ಮತ್ತಷ್ಟು ಜನರನ್ನು ಇಳಿಸಿ ಮುಂದೆ ಸಾಗುತ್ತದೆ. ಶಿರಾದ ಹುಡುಗರು ತುಮಕೂರಿನ ಮೇಲೆ ಹಾಯುವ ಹೆದ್ದಾರಿ ಬಸ್ಸು ಹಿಡಿಯುತ್ತಾರೆ. ಚೀಲದಲ್ಲಿ ಒಗೆಯಬೇಕಾದ ಬಟ್ಟೆ, ಬಟ್ಟೆಯ ನಡುವೆ ಲ್ಯಾಪ್‌ಟಾಪ್. ಅದರೊಳಗೆ, ಪಿ.ಜಿ.ಯ ವೈಫೈನಲ್ಲಿ ರಾತ್ರಿಯಿಡೀ ಇಳಿಸಿಕೊಂಡ ಹೊಸ ಆಟ.

ಶನಿವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ. ಆಟ ಒಬ್ಬರೇ ಕೂತು ಆಡುವಂಥದ್ದು, ಎದುರಾಳಿ ಬೇಕಿಲ್ಲ. ಆದರೂ ಪರದೆಯ ಮೇಲೆ ಬರುವುದು ಒಂದೇ ಸಾಲು: ಸರ್ವರ್ ಸಂಪರ್ಕ ಸಿಗುತ್ತಿಲ್ಲ, ಇಂಟರ್ನೆಟ್ ಪರೀಕ್ಷಿಸಿ.

“ದುಡ್ಡು ಕೊಟ್ಟು ತಗಂಡಿದ್ದೀನಿ ಅಂತೀಯ. ಮತ್ತೆ ಆಡೋಕೆ ಯಾರ್ನ ಕೇಳ್ಬೇಕಂತೋ?” ಎಂದು ಮಂಚದ ಮೇಲೆ ಅಡ್ಡಾಗಿರುವ ಅಪ್ಪ ಕೇಳಿದರೆ ಮಗನ ಬಳಿ ಉತ್ತರವಿರುವುದಿಲ್ಲ.

ಹದಿನೈದು ವರ್ಷಗಳಿಂದ ಜಗತ್ತಿನ ಪಿ.ಸಿ. ಗೇಮರ್‌ಗಳು ಆಟದ ಕಂಪನಿಗಳನ್ನು ಕೇಳುತ್ತ ಬಂದಿರುವುದೂ ಇದನ್ನೇ. ನಕಲಿ ಪ್ರತಿ ತಡೆಯಲೆಂದು ಹುಟ್ಟಿದ ‘ಆಲ್ವೇಸ್ ಆನ್‌ಲೈನ್’ ವ್ಯವಸ್ಥೆ, ಅಂದರೆ ಸದಾ ಇಂಟರ್ನೆಟ್ ಇದ್ದರೆ ಮಾತ್ರ ತೆರೆಯುವ ಆಟ, ಅವರ ಸಿಟ್ಟಿಗೆ ಕಾರಣ. ಆ ಸಿಟ್ಟು ಕೆಲವು ಸಲ ದೊಡ್ಡ ಕಂಪನಿಗಳನ್ನೇ ಹಿಂದೆ ಸರಿಸಿದೆ. ಕೆಲವು ಸಲ ಅವರಿಗೆ ಗೊತ್ತಾಗದ ಹಾಗೆ ಅದೇ ವ್ಯವಸ್ಥೆ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ಅನುಮತಿ ಇರುವುದು ಬೇರೆ ಊರಲ್ಲಿ

ಆಟ ಪೂರ್ತಿಯಾಗಿ ನಮ್ಮ ಹಾರ್ಡ್ ಡಿಸ್ಕಿನಲ್ಲೇ ಇರುತ್ತದೆ. ಅದನ್ನು ತೆರೆಯುವ ಅನುಮತಿ ಮಾತ್ರ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಆಟವನ್ನು ಒತ್ತಿದ ಕೂಡಲೇ ಅದು ಆ ಸರ್ವರನ್ನು ಸಂಪರ್ಕಿಸಿ, ಈ ಖಾತೆಯವರು ದುಡ್ಡು ಕೊಟ್ಟಿದ್ದಾರೆಯೇ ಎಂದು ವಿಚಾರಿಸುತ್ತದೆ. ಹೌದು ಎಂಬ ಉತ್ತರ ಬಂದರೆ ಆಟ ಶುರು. ಆಮೇಲೂ ಆಡುವಷ್ಟು ಹೊತ್ತು ಚಿಕ್ಕ ಚಿಕ್ಕ ಸಂದೇಶಗಳು ಹೋಗಿ ಬರುತ್ತಲೇ ಇರುತ್ತವೆ. ಉತ್ತರ ಬರುವುದು ನಿಂತರೆ ಆಟವೂ ನಿಲ್ಲುತ್ತದೆ.

ಈ ಸಂದೇಶಗಳು ಬಹಳ ಪುಟ್ಟವು. ಡೇಟಾ ಖರ್ಚಾಗುತ್ತದೆ ಎಂಬುದು ಇಲ್ಲಿ ದೊಡ್ಡ ದೂರಲ್ಲ. ಇದಕ್ಕೆ ವೇಗದ ನೆಟ್ ಬೇಕಿಲ್ಲ, ಬೇಕಿರುವುದು ತುಂಡಾಗದ ನೆಟ್. ಜಾಹೀರಾತುಗಳು ಮಾರುವುದು ವೇಗವನ್ನು. ಸಣ್ಣ ಊರಿನಲ್ಲಿ ಕೈಕೊಡುವುದು ನಿರಂತರತೆ.

ಎಲ್ಲ ಆಟಗಳೂ ಇಷ್ಟು ಬಿಗಿಯಾಗಿಲ್ಲ. ಕೆಲವು ಆಟಗಳು ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಮಾತ್ರ ವಿಚಾರಿಸುತ್ತವೆ. ಕೆಲವು ಆಗಾಗ, ಕೆಲವು ದಿನಕ್ಕೋ ವಾರಕ್ಕೋ ಒಮ್ಮೆ. ಇನ್ನು ಹತ್ತಾರು ಜನ ಕೂಡಿ ಆಡುವ ಆಟಗಳಿಗೆ ನೆಟ್ ಬೇಕೇ ಬೇಕು. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರಿರುವುದು ಒಬ್ಬರೇ ಆಡುವ ಆಟಕ್ಕೂ ಕ್ಷಣಕ್ಷಣವೂ ನೆಟ್ ಕೇಳುವ ಪದ್ಧತಿಯ ಬಗ್ಗೆ.

ಕೈಪಿಡಿಯಿಂದ ಡಾಂಗಲ್‌ವರೆಗೆ

ನಕಲಿನ ಭಯ ಕಂಪ್ಯೂಟರ್ ಆಟಗಳಷ್ಟೇ ಹಳೆಯದು. 1989ರಲ್ಲಿ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಜೊತೆ ಮುದ್ರಿತ ಕೈಪಿಡಿ ಕೊಡುತ್ತಿದ್ದರು. ಕೈಪಿಡಿಯ ಇಂಥ ಪುಟದ ಇಂಥ ಅಕ್ಷರ ಯಾವುದು ಎಂದು ಆಟ ಕೇಳುತ್ತಿತ್ತು. ಫ್ಲಾಪಿ ನಕಲು ಮಾಡಿಕೊಂಡವರ ಬಳಿ ಪುಸ್ತಕ ಇರುತ್ತಿರಲಿಲ್ಲ. ಝೆರಾಕ್ಸ್ ಅಂಗಡಿ ಇರುವ ಊರಿನಲ್ಲಿ ಈ ಉಪಾಯ ಎಷ್ಟು ದಿನ ನಡೆದೀತು? ಮುಂದೆ ಸಿ.ಡಿ. ಡ್ರೈವಿನಲ್ಲಿದ್ದರೆ ಮಾತ್ರ ನಡೆಯುವ ಆಟಗಳು ಬಂದವು.

ಇಂಥ ಬೀಗವನ್ನು ನಮ್ಮ ತಾಲ್ಲೂಕು ಕೇಂದ್ರಗಳು ಆಟಕ್ಕಿಂತ ಮೊದಲು ಡಿ.ಟಿ.ಪಿ. ಅಂಗಡಿಗಳಲ್ಲಿ ಕಂಡಿವೆ. ಮದುವೆ ಪತ್ರಿಕೆ, ಕರಪತ್ರ ಜೋಡಿಸುವವರು ಬಳಸುತ್ತಿದ್ದ ಶ್ರೀಲಿಪಿ ತಂತ್ರಾಂಶಕ್ಕೆ ಡಾಂಗಲ್ ಇರುತ್ತಿತ್ತು. ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಆ ಪುಟ್ಟ ಸಾಧನ ಇಲ್ಲದಿದ್ದರೆ ಅಕ್ಷರಗಳೇ ಮೂಡುತ್ತಿರಲಿಲ್ಲ. ಅಂಗಡಿಯವರು ರಾತ್ರಿ ಅದನ್ನು ಕಿತ್ತು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಕಿರಿಕಿರಿ ಇದ್ದರೂ ಒಂದು ಸಮಾಧಾನವಿತ್ತು: ಬೀಗದ ಕೈ ಕೊಂಡವರ ಹತ್ತಿರವೇ ಇತ್ತು.

2008ರಲ್ಲಿ ‘ಸ್ಪೋರ್’ ಎಂಬ ಆಟ ಆ ಸಮಾಧಾನವನ್ನು ಕಸಿಯಿತು. ಒಂದು ಪ್ರತಿಯನ್ನು ಮೂರು ಸಲ ಮಾತ್ರ ಸಕ್ರಿಯಗೊಳಿಸಬಹುದು ಎಂಬ ಮಿತಿ ಅದರಲ್ಲಿತ್ತು. ಕಂಪ್ಯೂಟರ್ ಬದಲಾಯಿಸಿದವರು, ವಿಂಡೋಸ್ ಮತ್ತೆ ಹಾಕಿಸಿದವರು ಆತಂಕಗೊಂಡರು. ಅಮೆಜಾನ್ ತಾಣದಲ್ಲಿ ಸಾವಿರಾರು ಜನ ಆ ಆಟಕ್ಕೆ ಒಂದೇ ನಕ್ಷತ್ರ ಕೊಟ್ಟರು. ಕಂಪನಿ ಮಿತಿಯನ್ನು ಐದಕ್ಕೆ ಏರಿಸಬೇಕಾಯಿತು. ಇಷ್ಟು ಬಿಗಿ ಮಾಡಿದ್ದ ಅದೇ ಆಟ ಆ ವರ್ಷ ಅತಿ ಹೆಚ್ಚು ಕಳ್ಳಪ್ರತಿ ಇಳಿಸಿಕೊಂಡ ಆಟಗಳ ಪಟ್ಟಿಯಲ್ಲಿ ಮೊದಲನೆಯದಾಯಿತು.

2010ರ ಆ ಭಾನುವಾರ

ಫ್ರಾನ್ಸ್‌ನ ಯೂಬಿಸಾಫ್ಟ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. 2010ರ ಮಾರ್ಚ್‌ನಲ್ಲಿ ‘ಅಸ್ಯಾಸಿನ್ಸ್ ಕ್ರೀಡ್ 2’ ಮತ್ತು ‘ಸೈಲೆಂಟ್ ಹಂಟರ್ 5’ ಆಟಗಳ ಪಿ.ಸಿ. ಆವೃತ್ತಿ ಬಿಡುಗಡೆ ಮಾಡಿ, ಆಡುವಷ್ಟು ಹೊತ್ತೂ ನೆಟ್ ಇರಲೇಬೇಕು ಎಂದಿತು. ಎರಡೂ ಒಬ್ಬರೇ ಆಡಬಹುದಾದ ಆಟಗಳು. ಒಂದು ಇಟಲಿಯ ಹಳೆಯ ನಗರಗಳ ಕಥೆ, ಇನ್ನೊಂದು ನೀರಿನಾಳದ ಜಲಾಂತರ್ಗಾಮಿಯದು.

ಮಾರ್ಚ್ 7ರ ಭಾನುವಾರ, ರಜೆಯ ದಿನ, ಆ ಸರ್ವರ್‌ಗಳ ಮೇಲೆ ದಾಳಿಯಾಯಿತು. ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಸುಳ್ಳು ಕೋರಿಕೆಗಳನ್ನು ಕಳಿಸಿ ಸರ್ವರನ್ನು ಉಸಿರುಗಟ್ಟಿಸುವ ಬಗೆಯ ದಾಳಿ ಅದು. ದುಡ್ಡು ಕೊಟ್ಟು ಕೊಂಡವರಲ್ಲಿ ಒಂದು ಪಾಲು ಜನ ಗಂಟೆಗಟ್ಟಲೆ ಆಟದ ಹೊರಗೇ ನಿಂತರು. ತೊಂದರೆಯಾದದ್ದು ಕೆಲವರಿಗೆ ಮಾತ್ರ, ಶೇ 95 ಮಂದಿಗೆ ಏನೂ ಆಗಿಲ್ಲ ಎಂದು ಕಂಪನಿ ಹೇಳಿತು. ಗೇಮರ್‌ಗಳ ಸಿಟ್ಟಿಗೆ ಈ ಲೆಕ್ಕ ತುಪ್ಪ ಸುರಿಯಿತು.

‘ಅಸ್ಯಾಸಿನ್ಸ್ ಕ್ರೀಡ್ 2’ರ ಬೀಗ ಮುರಿಯಲು ಕಳ್ಳಪ್ರತಿ ಮಾಡುವವರಿಗೆ ಸುಮಾರು ಆರೇಳು ವಾರ ಬೇಕಾಯಿತು. ಆ ಕಾಲಕ್ಕೆ ಅದು ದೊಡ್ಡ ಅವಧಿಯೇ. ಕಂಪನಿಯ ದೃಷ್ಟಿಯಿಂದ ನೋಡಿದರೆ ಬೀಗ ಕೆಲಸ ಮಾಡಿತ್ತು. ಆದರೆ ಮುರಿದ ಮೇಲೆ ಪರಿಸ್ಥಿತಿ ತಲೆಕೆಳಗಾಯಿತು. ಕದ್ದವರ ಪ್ರತಿ ನೆಟ್ ಇಲ್ಲದೆಯೂ ಓಡುತ್ತಿತ್ತು. ಕೊಂಡವರ ಪ್ರತಿ ಸರ್ವರ್‌ನ ಮರ್ಜಿ ಕಾಯುತ್ತಿತ್ತು. ಈ ಒಂದು ಸಂಗತಿಯ ಸುತ್ತಲೇ ಅಲ್ಲಿಂದೀಚೆಗಿನ ವಾದವೆಲ್ಲ ಸುತ್ತಿದೆ.

2012ರ ಸೆಪ್ಟೆಂಬರ್‌ನಲ್ಲಿ ಯೂಬಿಸಾಫ್ಟ್ ಸೋಲೊಪ್ಪಿತು. ಸದಾ ನೆಟ್ ಬೇಕೆಂಬ ನಿಯಮವನ್ನು ಹಿಂದಿನ ವರ್ಷವೇ ಕೈಬಿಟ್ಟಿದ್ದೇವೆ, ಇನ್ನು ಒಬ್ಬರೇ ಆಡುವ ಆಟಗಳಿಗೆ ಇನ್‌ಸ್ಟಾಲ್ ಮಾಡುವಾಗ ಒಮ್ಮೆ ನೆಟ್ ಇದ್ದರೆ ಸಾಕು ಎಂದು ಪ್ರಕಟಿಸಿತು.

ದೋಷ ಸಂಖ್ಯೆ 37

ಅಷ್ಟರಲ್ಲಿ ಬೇರೆ ಕಂಪನಿಗಳು ಅದೇ ದಾರಿ ಹಿಡಿದಿದ್ದವು. 2012ರ ಮೇ 15ರಂದು ಬ್ಲಿಝಾರ್ಡ್ ಕಂಪನಿಯ ‘ಡಯಾಬ್ಲೊ 3’ ಬಿಡುಗಡೆಯಾಯಿತು. ಮೊದಲ ದಿನವೇ 35 ಲಕ್ಷ ಪ್ರತಿ ಮಾರಾಟ. ಕೊಂಡವರಲ್ಲಿ ಬಹಳ ಮಂದಿ ಕಂಡದ್ದು ಆಟವನ್ನಲ್ಲ, ಸರ್ವರ್ ಬ್ಯುಸಿ ಎನ್ನುವ ‘ಎರರ್ 37’ ಎಂಬ ಫಲಕವನ್ನು. ದಕ್ಷಿಣ ಕೊರಿಯಾದಲ್ಲಿ ದೂರುಗಳು ಸರ್ಕಾರದ ವ್ಯಾಪಾರ ಆಯೋಗದವರೆಗೆ ಹೋಗಿ, ಕಂಪನಿಯ ಕಚೇರಿ ತಪಾಸಣೆಯೂ ಆಯಿತು. ಅಲ್ಲಿನ ಆಟಗಾರರಿಗೆ ಹಣ ಹಿಂದಿರುಗಿಸುವ ಅವಕಾಶ ಕೊಡಬೇಕಾಯಿತು. ಮರುವರ್ಷ ಅದೇ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಬಂದಾಗ ನೆಟ್ ಇಲ್ಲದೆಯೂ ಆಡಬಹುದಾಗಿತ್ತು. ಪಿ.ಸಿ.ಯಲ್ಲಿ ಮಾತ್ರ ಏಕೆ ಆಗದು ಎಂದು ಕೇಳಿದವರಿಗೆ ಒಪ್ಪುವಂಥ ಉತ್ತರ ಸಿಗಲಿಲ್ಲ.

2013ರ ಮಾರ್ಚ್ ಇನ್ನೂ ಕೆಟ್ಟದ್ದು. ನಗರ ಕಟ್ಟುವ ‘ಸಿಮ್‌ಸಿಟಿ’ ಆಟದ ಹೊಸ ಆವೃತ್ತಿ ಮಾರ್ಚ್ 5ರಂದು ಅಮೆರಿಕದಲ್ಲಿ ಹೊರಬಂದಿತು. ಹಿಂದಿನ ಆವೃತ್ತಿಗಳನ್ನು ಜನ ಮನೆಯ ಮೂಲೆಯಲ್ಲಿ ಒಬ್ಬರೇ ಕೂತು ಆಡಿದ್ದರು. ಇದಕ್ಕೆ ಸರ್ವರ್ ಕಡ್ಡಾಯ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿ ಬಿಸಿಲಲ್ಲಿ ನಿಂತವರಿಗೆ ಅಂದಿನ ಗೇಮರ್‌ಗಳ ಪಾಡು ವಿವರಿಸಬೇಕಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಸರ್ವರ್ ಮಲಗುತ್ತದೆ. ಅಮೆಜಾನ್ ಕೆಲಕಾಲ ಆಟದ ಡೌನ್‌ಲೋಡ್ ಮಾರಾಟವನ್ನೇ ನಿಲ್ಲಿಸಿತು. ಮಾರಿದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಕೊಂಡವರಿಗೆ ಇನ್ನೊಂದು ಆಟವನ್ನು ಪುಕ್ಕಟೆ ಕೊಟ್ಟು ಸಮಾಧಾನಪಡಿಸಲು ನೋಡಿತು.

ಆಟದ ಲೆಕ್ಕಾಚಾರದ ದೊಡ್ಡ ಭಾಗ ಸರ್ವರ್‌ನಲ್ಲೇ ನಡೆಯುತ್ತದೆ, ಹಾಗಾಗಿ ನೆಟ್ ಇಲ್ಲದೆ ಆಗದು ಎಂಬುದು ತಯಾರಕರ ಸಮರ್ಥನೆ. ಕುತೂಹಲಿಗಳು ನೆಟ್ ತಂತಿ ಕಿತ್ತು ನೋಡಿದರು. ಆಟ ಸುಮಾರು 20 ನಿಮಿಷ ಹಾಗೆಯೇ ನಡೆಯಿತು. ಯಾರೋ ಒಬ್ಬರು ಆ ಗಡುವನ್ನೂ ತೆಗೆದುಹಾಕಿ, ನಗರ ತನ್ನ ಪಾಡಿಗೆ ಬೆಳೆಯುವುದನ್ನು ತೋರಿಸಿದರು. ಒಂದು ವರ್ಷದ ನಂತರ, 2014ರ ಮಾರ್ಚ್‌ನಲ್ಲಿ, ಕಂಪನಿಯೇ ನೆಟ್ ಬೇಡದ ಸೌಲಭ್ಯ ಕೊಟ್ಟಿತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. 2015ರ ಮಾರ್ಚ್‌ನಲ್ಲಿ ಫಿನ್ಲೆಂಡಿನ ಹದಿಮೂರು ಜನರ ಪುಟ್ಟ ತಂಡವೊಂದು ‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟ ತಂದಿತು. ನೆಟ್ ಬೇಕಿಲ್ಲ, ಬೇಕಾದಂತೆ ತಿದ್ದಿಕೊಳ್ಳಬಹುದು. ಒಂದು ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದವು. ಸಿಮ್‌ಸಿಟಿ ಮಾಡಿದ ಮ್ಯಾಕ್ಸಿಸ್‌ನ ಎಮರಿವಿಲ್ ಕಚೇರಿ ಅದೇ ತಿಂಗಳು ಮುಚ್ಚಿತು.

ನೆಟ್ ಇಲ್ಲದವರಿಗೆ ಹಳೆಯ ಯಂತ್ರ

2013ರಲ್ಲಿ ಮೈಕ್ರೊಸಾಫ್ಟ್ ತನ್ನ ಹೊಸ ‘ಎಕ್ಸ್‌ಬಾಕ್ಸ್ ಒನ್’ ಯಂತ್ರ 24 ಗಂಟೆಗೊಮ್ಮೆಯಾದರೂ ನೆಟ್‌ಗೆ ಸೇರಬೇಕು ಎಂದಿತು. ಇದು ಪಿ.ಸಿ. ಅಲ್ಲ, ಟಿ.ವಿ.ಗೆ ಜೋಡಿಸುವ ಆಟದ ಯಂತ್ರ. ಆದರೂ ವಾದ ಅದೇ. ನೆಟ್ ಸಿಗದ ಸೈನಿಕರ, ಜಲಾಂತರ್ಗಾಮಿಯಲ್ಲಿರುವವರ ಪಾಡೇನು ಎಂಬ ಪ್ರಶ್ನೆ ಬಂತು. ನೆಟ್ ಇಲ್ಲದವರಿಗೆ ನಮ್ಮ ಹಳೆಯ ‘ಎಕ್ಸ್‌ಬಾಕ್ಸ್ 360’ ಇದೆಯಲ್ಲ ಎಂಬರ್ಥದ ಉತ್ತರವನ್ನು ಆ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಕೊಟ್ಟರು. ಮೊದಲು ಬೆಂಬಲ ಸಿಗುವ 21 ದೇಶಗಳ ಪಟ್ಟಿಯಲ್ಲಿ ಭಾರತವೂ ಇರಲಿಲ್ಲ.

ಪ್ರತಿಸ್ಪರ್ಧಿ ಸೋನಿ ಅಂಥ ಷರತ್ತಿಲ್ಲದ ಯಂತ್ರ ಮಾರುತ್ತೇವೆ ಎಂದು ಅದೇ ವರ್ಷದ ಜೂನ್‌ನಲ್ಲಿ ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿತು. ಮುಂಗಡ ಕಾದಿರಿಸುವ ಹೊತ್ತು. ಜೂನ್ 19ರಂದು ಮೈಕ್ರೊಸಾಫ್ಟ್ ನಿಯಮ ಹಿಂತೆಗೆದುಕೊಂಡಿತು. ಗೇಮರ್‌ಗಳ ಕೋಪ ಗೆದ್ದದ್ದು ದೊಡ್ಡ ಗಂಟಲಿನಿಂದ ಮಾತ್ರವಲ್ಲ. ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆದಿತ್ತು, ದುಡ್ಡು ಇನ್ನೂ ಜೇಬಿನಲ್ಲಿತ್ತು.

ಕಂಪನಿಗಳ ಲೆಕ್ಕ

ಕಂಪನಿಗಳ ಭಯ ಹುಸಿಯಲ್ಲ. ದೊಡ್ಡ ಆಟವೊಂದಕ್ಕೆ ನೂರಾರು ಜನರ ಹಲವು ವರ್ಷಗಳ ದುಡಿಮೆ ಬೇಕು. ಮಾರಾಟದ ದೊಡ್ಡ ಪಾಲು ಮೊದಲ ಕೆಲವು ವಾರಗಳಲ್ಲೇ ಮುಗಿಯುತ್ತದೆ. ಆ ವಾರಗಳನ್ನು ಕಾಪಾಡಿಕೊಂಡರೆ ಸಾಕು ಎಂಬುದು ಅವರ ಲೆಕ್ಕ. ಪಿ.ಸಿ. ಆಟಗಾರರಲ್ಲಿ ದುಡ್ಡು ಕೊಡುವವರು ಶೇ 5ರಿಂದ 7ರಷ್ಟು ಮಾತ್ರ ಎಂದು ಯೂಬಿಸಾಫ್ಟ್ ಮುಖ್ಯಸ್ಥ ಈವ್ ಗಿಯೆಮೊ 2012ರಲ್ಲಿ ಹೇಳಿದ್ದರು.

ನಮ್ಮ ಭಾಗದಲ್ಲಿ ಬೆಳೆದವರು ಈ ಮಾತನ್ನು ಅಲ್ಲಗಳೆಯುವುದು ಕಷ್ಟ. 2000ದ ದಶಕದ ಸೈಬರ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ‘ಐಜಿಐ’, ‘ವೈಸ್ ಸಿಟಿ’, ‘ಕೌಂಟರ್ ಸ್ಟ್ರೈಕ್’ ಆಡಿದವರಲ್ಲಿ ಅಸಲಿ ಡಬ್ಬಿ ಕಂಡವರು ಅಪರೂಪ. ಬೆಂಗಳೂರಿನ ಎಸ್.ಪಿ. ರಸ್ತೆಗೋ ನ್ಯಾಷನಲ್ ಮಾರ್ಕೆಟ್ಟಿಗೋ ಹೋದವರು ಬರೆದ ಸಿ.ಡಿ. ತರುತ್ತಿದ್ದರು, ಅದು ಊರೆಲ್ಲ ಸುತ್ತುತ್ತಿತ್ತು. ಕಳ್ಳಪ್ರತಿ ಎಂಬ ಅರಿವೂ ಇರಲಿಲ್ಲ, ಅಸಲಿ ಪ್ರತಿ ಮಾರುವ ಅಂಗಡಿಯೂ ಇರಲಿಲ್ಲ.

ಹಾಗಾದರೆ ಬೀಗ ಬಿಗಿ ಮಾಡಿದ್ದರೆ ಆ ಹುಡುಗರು ದುಡ್ಡು ಕೊಡುತ್ತಿದ್ದರೇ? ಸಾವಿರ ರೂಪಾಯಿ ಮೀರಿದ ಆಟಕ್ಕೆ, ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡಿಲ್ಲದ ಮನೆಯಿಂದ, ಕೊಡುವ ದಾರಿಯೇ ಇರಲಿಲ್ಲ. ಪೈರಸಿ ಬಹುಪಾಲು ಬೆಲೆಯ ಸಮಸ್ಯೆಯಲ್ಲ, ಸೇವೆಯ ಸಮಸ್ಯೆ ಎಂದು ‘ಸ್ಟೀಮ್’ ಮಳಿಗೆ ನಡೆಸುವ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್ ವಾದಿಸುತ್ತ ಬಂದವರು. 2015ರ ಕೊನೆಗೆ ಸ್ಟೀಮ್ ರೂಪಾಯಿಯಲ್ಲೇ ಬೆಲೆ ನಮೂದಿಸತೊಡಗಿತು. ಹಬ್ಬದ ರಿಯಾಯಿತಿಯಲ್ಲಿ ಹಳೆಯ ಆಟಗಳು ಒಂದು ಸಿನಿಮಾ ಟಿಕೆಟ್ಟಿನ ಬೆಲೆಗೆ ಸಿಗತೊಡಗಿದವು. ಬರೆದ ಸಿ.ಡಿ. ಆಡಿ ಬೆಳೆದವರಲ್ಲಿ ಕೆಲವರು ಈಗ ಸಂಬಳದಲ್ಲಿ ದುಡ್ಡು ಕೊಟ್ಟು ಕೊಳ್ಳುವವರು. ಸದಾ ನೆಟ್ ಕೇಳುವ ಆಟ ಹೆಚ್ಚು ಚುಚ್ಚುವುದು ಇವರಿಗೇ.

ಬಯಲುಸೀಮೆಯ ಪರೀಕ್ಷೆ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಜನರೇಟರ್ ಗುರ್ರೆನ್ನುತ್ತದೆ, ರೌಟರ್ ಆರುವುದಿಲ್ಲ. ಮಧುಗಿರಿಯ ಓಣಿಯ ಮನೆಯಲ್ಲಿ ಲ್ಯಾಪ್‌ಟಾಪ್ ಬದುಕಿರುತ್ತದೆ, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ ಆರಿಹೋಗುತ್ತದೆ. ಪಾವಗಡದವರಿಗೆ ಇದರಲ್ಲಿ ಇನ್ನೊಂದು ವ್ಯಂಗ್ಯ ಕಾಣುತ್ತದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ತಿನ ಪಾರ್ಕ್ ಇದೆ. ಆ ವಿದ್ಯುತ್ತು ಗ್ರಿಡ್‌ಗೆ ಹೋಗುತ್ತದೆ. ಪಕ್ಕದ ಹಳ್ಳಿಯ ಮನೆಯ ರೌಟರ್ ಉರಿಯುವುದು ಮಾತ್ರ ಆ ಊರಿನ ಫೀಡರ್‌ನ ಕೃಪೆಯಿಂದ.

ಕರೆಂಟ್ ಇದ್ದರೂ ಎಲ್ಲ ಸರಿಯೆಂದಲ್ಲ. ರಸ್ತೆ ಅಗಲ ಮಾಡುವ, ನೀರಿನ ಪೈಪು ಹೂಳುವ ಜೆಸಿಬಿಯ ಹಲ್ಲಿಗೆ ಫೈಬರ್ ಕೇಬಲ್ ಸಿಕ್ಕರೆ ಜೋಡಿಸುವವರು ಬರುವವರೆಗೆ ಕಾಯಬೇಕು. ಆಗ ಇರುವ ದಾರಿ ಫೋನಿನ ಹಾಟ್‌ಸ್ಪಾಟ್. ಸಂಜೆ ಎಲ್ಲರೂ ರೀಲ್ಸ್ ನೋಡುವ ಹೊತ್ತಿಗೆ ಅದೂ ತಡವರಿಸುತ್ತದೆ.

ಆಟ ಇಳಿಸಿಕೊಳ್ಳುವುದೇ ಒಂದು ಯೋಜನೆ. ಇಂದಿನ ದೊಡ್ಡ ಆಟಗಳು 100 ಜಿಬಿ ದಾಟುವುದುಂಟು. ದಿನಕ್ಕೆ 2 ಜಿಬಿಯ ಫೋನ್ ಪ್ಯಾಕ್ ನಂಬಿದರೆ ಐವತ್ತು ದಿನ ಬೇಕು. ಹಾಗಾಗಿ ಹುಡುಗರು ನಗರದಲ್ಲಿ ಇಳಿಸಿಕೊಂಡು ಊರಿಗೆ ತರುತ್ತಾರೆ. ಒಮ್ಮೆ ಮಾತ್ರ ವಿಚಾರಿಸುವ ಆಟಕ್ಕೆ ಇದರಿಂದ ತೊಂದರೆಯಿಲ್ಲ. ಸದಾ ವಿಚಾರಿಸುವ ಆಟವನ್ನು ಹೊತ್ತು ತಂದರೆ ಹೊತ್ತದ್ದೇ ಬಂತು.

ಕೆಲವರು ಇಲ್ಲೊಂದು ಅಡ್ಡದಾರಿ ಹಿಡಿಯುತ್ತಾರೆ. ಆಟವನ್ನು ದುಡ್ಡು ಕೊಟ್ಟು ಕೊಂಡು, ಆಡಲು ಮಾತ್ರ ಕ್ರ್ಯಾಕ್ ಮಾಡಿದ ಪ್ರತಿ ಇಳಿಸಿಕೊಳ್ಳುತ್ತಾರೆ. ಕ್ರ್ಯಾಕ್‌ಗಳ ಜೊತೆ ವೈರಸ್ಸು, ಪಾಸ್‌ವರ್ಡ್ ಕದಿಯುವ ತಂತ್ರಾಂಶ ಬರುವುದು ಸಾಮಾನ್ಯ. ಯುಪಿಐ, ಬ್ಯಾಂಕ್ ಖಾತೆ ಎಲ್ಲ ಅದೇ ಲ್ಯಾಪ್‌ಟಾಪಿನಲ್ಲಿರುವಾಗ ಇದು ದುಬಾರಿ ಸಾಹಸ.

ಫೋನಿನಲ್ಲಿ ಸಿಟ್ಟೇಕೆ ಇಲ್ಲ?

ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಈ ನಾಲ್ಕು ತಾಲ್ಲೂಕುಗಳಲ್ಲಿ ಗೇಮಿಂಗ್ ಪಿ.ಸಿ. ಇರುವ ಮನೆಗಳನ್ನು ಹುಡುಕಬೇಕು. ಆಟ ಆಡುವ ಫೋನುಗಳನ್ನು ಹುಡುಕಬೇಕಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಬಸ್ ನಿಲ್ದಾಣ, ಕಾಲೇಜು ಕಟ್ಟೆ, ತೋಟದ ಮನೆ ಎಲ್ಲೆಡೆ ‘ಪಬ್‌ಜಿ’, ‘ಫ್ರೀ ಫೈರ್’. ಇವು ಸದಾ ನೆಟ್ ಬೇಡುವ ಆಟಗಳೇ. ಕೂಡಿ ಆಡುವಂಥವಾದ್ದರಿಂದ, ಮೇಲಾಗಿ ಪುಕ್ಕಟೆಯಾದ್ದರಿಂದ, ಯಾರೂ ಇದನ್ನು ಬೀಗ ಎಂದು ನೋಡಲಿಲ್ಲ.

ಬೀಗ ಕಂಡದ್ದು 2020ರಲ್ಲಿ. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಒಂದು. ಆಗಲೇ ಫೋನಿನಲ್ಲಿದ್ದವರು ಇನ್ನೂ ಕೆಲವು ವಾರ ಆಡಿದರು. ಅಕ್ಟೋಬರ್ 30ರಂದು ಸರ್ವರ್ ನಿಂತಿತು. ಆ್ಯಪ್ ಫೋನಿನಲ್ಲೇ ಇತ್ತು, ಆಟ ಇರಲಿಲ್ಲ. ಬಟ್ಟೆಬರೆ, ಬಂದೂಕಿನ ಬಣ್ಣಕ್ಕೆಂದು ಆಟದೊಳಗೆ ದುಡ್ಡು ಸುರಿದವರು ಕೈ ಹಿಸುಕಿಕೊಂಡರು. 2021ರ ಜುಲೈನಲ್ಲಿ ಅದು ‘ಬಿಜಿಎಂಐ’ ಆಗಿ ಮರಳಿತು, 2022ರ ಜುಲೈ 28ರಂದು ಮಳಿಗೆಗಳಿಂದ ಮತ್ತೆ ಮಾಯವಾಯಿತು, 2023ರ ಮೇ ಕೊನೆಗೆ ಮತ್ತೆ ಬಂತು.

ನಿಷೇಧಕ್ಕೆ ದೇಶದ ಭದ್ರತೆಯ ಕಾರಣ ಕೊಡಲಾಗಿತ್ತು. ಅದು ನಕಲು ತಡೆಯ ವಿಚಾರವಲ್ಲ. ಆದರೆ ಆಟಗಾರರಿಗೆ ಆದ ಅನುಭವದ ಒಳಗುಟ್ಟು ಒಂದೇ: ಗುಂಡಿ ಇರುವುದು ಬೇರೆಯವರ ಕೈಯಲ್ಲಿ. 2010ರಲ್ಲಿ ಪಿ.ಸಿ. ಗೇಮರ್‌ಗಳಿಗೆ ಇದು ಕಸಿದುಕೊಂಡಂತೆ ಕಂಡಿತು, ಏಕೆಂದರೆ ಅದಕ್ಕೆ ಮುಂಚೆ ಸಿ.ಡಿ. ಅವರ ಕಪಾಟಿನಲ್ಲಿತ್ತು. ಫೋನಿನಲ್ಲೇ ಆಟ ಕಲಿತ ತಲೆಮಾರಿಗೆ ಕಪಾಟಿನ ಕಾಲದ ನೆನಪಿಲ್ಲ. ಕಳೆದುಕೊಂಡದ್ದೇನು ಎಂದು ಗೊತ್ತಿದ್ದರಲ್ಲವೇ ಸಿಟ್ಟು ಬರುವುದು.

ಕಂಪನಿಗಳು ಇದನ್ನು ಚೆನ್ನಾಗಿ ಗಮನಿಸಿವೆ. ಕಾವಲು ಎಂದು ಹೇಳಿ ಮಾರಿದ್ದಾಗ ಎದ್ದ ಗದ್ದಲ, ಅದೇ ಷರತ್ತನ್ನು ದಿನದಿನದ ಬಹುಮಾನ, ಹೊಸ ಹಬ್ಬ, ಗೆಳೆಯರ ಪಟ್ಟಿ ಎಂಬ ಸೇವೆಯ ರೂಪದಲ್ಲಿ ಕೊಟ್ಟಾಗ ಏಳಲಿಲ್ಲ. ಇಂದಿನ ಹಲವು ಪಿ.ಸಿ. ಆಟಗಳೂ ಆ ಅಚ್ಚಿನಲ್ಲೇ ಬರುತ್ತಿವೆ. ಜೊತೆಗೆ 2014ರಿಂದ ಆಸ್ಟ್ರಿಯಾದ ‘ಡೆನುವೊ’ ಎಂಬ ರಕ್ಷಣೆ ಬಳಕೆಯಲ್ಲಿದೆ. ಅದು ಸದಾ ನೆಟ್ ಕೇಳುವುದಿಲ್ಲ, ಮೊದಲ ಸಲ ಮತ್ತು ಆಮೇಲೆ ಆಗೀಗ ಕೇಳುತ್ತದೆ. 2021ರ ನವೆಂಬರ್‌ನಲ್ಲಿ ಅದಕ್ಕೆ ಸಂಬಂಧಿಸಿದ ಜಾಲವಿಳಾಸವೊಂದರ ಅವಧಿ ಮುಗಿದು, ಕೊಂಡವರ ಕೆಲವು ಆಟಗಳು ಗಂಟೆಗಳ ಕಾಲ ತೆರೆಯಲಿಲ್ಲ.

ಸರ್ವರ್ ಮುಚ್ಚಿದ ಮೇಲೆ

ಹಳೆಯ ಸಿಟ್ಟು ಹೊಸ ರೂಪ ಪಡೆದದ್ದು 2024ರಲ್ಲಿ. ಯೂಬಿಸಾಫ್ಟ್‌ನ ‘ದಿ ಕ್ರ್ಯೂ’ ಅಮೆರಿಕದ ಉದ್ದಗಲ ಕಾರು ಓಡಿಸುವ 2014ರ ಆಟ. ಒಬ್ಬರೇ ಆಡಿದರೂ ನೆಟ್ ಬೇಕು. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿತು. ಕೊಂಡವರ ಬಳಿ ಡಿಸ್ಕ್ ಇದ್ದರೂ ಆಟ ಸತ್ತಿತು.

ಯೂಟ್ಯೂಬ್‌ನಲ್ಲಿ ಹಳೆಯ ಆಟಗಳ ಬಗ್ಗೆ ಮಾತಾಡುವ ಅಮೆರಿಕದ ರಾಸ್ ಸ್ಕಾಟ್ ಮರುತಿಂಗಳೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಅಭಿಯಾನ ಆರಂಭಿಸಿದರು. ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳಲಿಲ್ಲ. ಮುಚ್ಚುವ ದಿನ, ಕೊಂಡವರು ತಾವಾಗಿ ಆಡಿಕೊಳ್ಳುವಂತೆ ಬಿಟ್ಟು ಹೋಗಿ ಎಂಬುದಷ್ಟೇ ಬೇಡಿಕೆ. ಯುರೋಪ್ ಒಕ್ಕೂಟಕ್ಕೆ ಸಲ್ಲಿಸಲು ಬೇಕಿದ್ದ ಹತ್ತು ಲಕ್ಷ ಸಹಿಗಳ ಗಡಿ 2025ರ ಜುಲೈನಲ್ಲಿ ದಾಟಿತು. ಬ್ರಿಟನ್ನಿನ ಸಂಸತ್ತಿನಲ್ಲೂ ಆ ವರ್ಷ ಚರ್ಚೆಯಾಯಿತು. ಯೂಬಿಸಾಫ್ಟ್ ಅದೇ ಸರಣಿಯ ಎರಡನೇ ಆಟಕ್ಕೆ ನೆಟ್ ಬೇಡದ ಆವೃತ್ತಿಯನ್ನು 2025ರಲ್ಲಿ ಕೊಟ್ಟಿತು.

ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ಹಿಡಿಯಿತು. ಕಂಪನಿ ಮುಂದೊಂದು ದಿನ ಹಿಂತೆಗೆದುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವಾಗ, ಗ್ರಾಹಕರಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಅಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಸ್ಟೀಮ್ ಮಳಿಗೆಯಲ್ಲಿ ದುಡ್ಡು ಕಟ್ಟುವ ಪುಟದಲ್ಲಿ ಅಂಥದೊಂದು ಸಾಲು ಈಗ ಕಾಣುತ್ತದೆ.

ನಮ್ಮ ಕಾನೂನಿನಲ್ಲಿ ಏನಿದೆ?

ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಉದ್ದೇಶ ಎಂಬುದು ಇಲ್ಲಿ ಮುಖ್ಯ. ಇದೇ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಂ ಅನ್ನು ನ್ಯಾಯವಾಗಿ ಪಡೆದವರು ಹಾಳಾದರೆ ಬೇಕಾಗುತ್ತದೆಂದು ಒಂದು ಮೀಸಲು ಪ್ರತಿ ಮಾಡಿಟ್ಟುಕೊಳ್ಳಲು ಬಿಡುತ್ತದೆ. ಸರ್ವರ್ ಇಲ್ಲದೆ ತೆರೆಯದ ಆಟಕ್ಕೆ ಮೀಸಲು ಪ್ರತಿ ಮಾಡಿಟ್ಟರೆ ಪ್ರಯೋಜನವೇನು? ಕಾನೂನು ಕೊಟ್ಟ ಅನುಕೂಲವನ್ನು ಯಂತ್ರ ಇಲ್ಲದಂತೆ ಮಾಡುತ್ತದೆ.

ಮಾರುವಾಗ ಹೇಳದ ಷರತ್ತನ್ನು ಕೊಂಡ ಮೇಲೆ ಹೇರಿದರೆ ಅದು ಗ್ರಾಹಕರ ವ್ಯಾಜ್ಯವಾಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವಗಡದವರು ತುಮಕೂರಿನ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊಳ್ಳುವ ಮುಂಚೆ

ಸ್ಟೀಮ್ ಪುಟದಲ್ಲಿ ಆಟದ ಬಲಬದಿಗೆ ಬೇರೆ ಕಂಪನಿಯ ಖಾತೆ ಬೇಕೇ, ಡೆನುವೊ ಇದೆಯೇ ಎಂಬ ಸೂಚನೆ ಇರುತ್ತದೆ, ಓದಿಕೊಳ್ಳಿ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲೇ ಒಮ್ಮೆ ವೈಫೈ ಆರಿಸಿ ಪರೀಕ್ಷಿಸುವುದು ಜಾಣತನ. ಊರಿಗೆ ಹೊರಡುವ ಮುಂಚೆ ಸ್ಟೀಮ್ ಅನ್ನು ಆಫ್‌ಲೈನ್ ಸ್ಥಿತಿಗೆ ತಂದು, ಆಟ ಒಮ್ಮೆ ತೆರೆದು ನೋಡಿ. 2008ರಲ್ಲಿ ಪೋಲೆಂಡಿನಲ್ಲಿ ಶುರುವಾದ ‘ಜಿಒಜಿ’ ಮಳಿಗೆಯಲ್ಲಿ ಸಿಗುವ ಆಟಗಳಿಗೆ ನಕಲು ತಡೆಯ ಬೀಗವಿಲ್ಲ. ಇನ್‌ಸ್ಟಾಲ್ ಕಡತವನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ಎಂದಾದರೂ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಎಚ್ಚರ ಗ್ರಾಹಕರ ಹೆಗಲಿಗೇ ಏಕೆ ಬೀಳಬೇಕು? ಬಿಸ್ಕತ್ತಿನ ಪೊಟ್ಟಣದ ಮೇಲೂ ತಯಾರಾದ ದಿನ, ಹಾಳಾಗುವ ದಿನ ಅಚ್ಚು ಮಾಡಬೇಕೆಂಬ ನಿಯಮ ಇರುವ ದೇಶ ಇದು. ಆಟದ ಬೆಲೆಯ ಪಕ್ಕದಲ್ಲಿ ಮೂರು ಸಾಲು ಕಡ್ಡಾಯ ಮಾಡುವುದು ಕಷ್ಟವಲ್ಲ: ಆಡುವಾಗ ನೆಟ್ ಬೇಕೇ, ಒಬ್ಬರೇ ಆಡಿದರೂ ಬೇಕೇ, ಸರ್ವರ್ ಕನಿಷ್ಠ ಯಾವ ವರ್ಷದವರೆಗೆ ನಡೆಯುತ್ತದೆ? ಪಿ.ಸಿ.ಗೂ ಫೋನಿಗೂ ಇದು ಒಂದೇ ರೀತಿ ಅನ್ವಯವಾಗಬೇಕು. ಯೂಬಿಸಾಫ್ಟ್, ಮೈಕ್ರೊಸಾಫ್ಟ್, ಎಲೆಕ್ಟ್ರಾನಿಕ್ ಆರ್ಟ್ಸ್ ಮೂರೂ ಹಿಂದೆ ಸರಿದದ್ದು ಕೊಳ್ಳುವವರಿಗೆ ಷರತ್ತು ಸ್ಪಷ್ಟವಾಗಿ ಕಂಡಾಗ. ಕಾಣದಂತೆ ಬಂದಾಗ ಯಾರೂ ಕೇಳಲಿಲ್ಲ. ಹಾಗಾಗಿ ಆ ಮೂರು ಸಾಲು ಎಲ್ಲರಿಗಿಂತ ಮೊದಲು ಬೇಕಾಗಿರುವುದು, ನೆಟ್ ಹೋಗಿ ಬರುವುದನ್ನು ದಿನವೂ ನೋಡುವ ಊರುಗಳ ಗಿರಾಕಿಗಳಿಗೆ.